ಮರಣಾನಂತರ ತಲುಪಬೇಕಾದ ಮಾತು

ಮಾನ್ಯರೇ,

ದಾವಣಗೆರೆಯ ನಮ್ಮ ಬಂಧುವೊಬ್ಬರು ಹಠಾತ್ತನೆ ತೀರಿಕೊಂಡಾಗ, ಯಾರಿಗೆ ಎಷ್ಟು ಕೈಗಡ ಕೊಟ್ಟಿದ್ದರು, ವಿಮೆಯ ಬಾಂಡ್ ಎಲ್ಲಿದೆ ಎಂಬುದು ಪತ್ನಿಗೂ ತಿಳಿದಿರಲಿಲ್ಲ. ಮೊಬೈಲಿನ ಲಾಕ್ ತೆಗೆಯಲು ಮಕ್ಕಳು ಮನೆಯವರೆಲ್ಲರ ಜನ್ಮದಿನಾಂಕಗಳನ್ನು ಒತ್ತಿ ನೋಡಿ ಸೋತರು. ಸಾವಿನ ಸುದ್ದಿ ಎತ್ತಿದರೆ ‘ಬಿಡ್ತು ಅನ್ನು’ ಎಂದು ಗದರುವ ಮನೆಗಳಲ್ಲಿ ಇದು ಅಪರೂಪವೇನಲ್ಲ. ಇಂಥ ಮಾಹಿತಿಯನ್ನು ಮನೆಯವರಿಗೆ ತಲುಪಿಸಲು ದಾರಿಯಿದೆ. ಗೂಗಲ್ 2013ರಿಂದಲೇ ಒದಗಿಸಿರುವ ಸೌಲಭ್ಯದಲ್ಲಿ, ನಾವು ಗೊತ್ತುಪಡಿಸಿದ ಅವಧಿಯವರೆಗೆ ಖಾತೆ ಬಳಕೆಯಾಗದಿದ್ದರೆ, ಮೊದಲೇ ಬರೆದಿಟ್ಟ ಸಂದೇಶವು ನಾವು ಆಯ್ದವರಿಗೆ (ಗರಿಷ್ಠ 10 ಮಂದಿಗೆ) ತಲುಪುತ್ತದೆ. ಆಸ್ತಿಯ ವಿಷಯಕ್ಕೆ ಮಾತ್ರ ಇದು ಸಾಲದು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. 1908ರ ನೋಂದಣಿ ಕಾಯ್ದೆಯಂತೆ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇರಿಸಲು ಅವಕಾಶವಿದೆ. ಈ ವಿಷಯವನ್ನು ಉಪನೋಂದಣಿ ಕಚೇರಿಗಳ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕೆಂದು ಇಲಾಖೆಯನ್ನು ಕೋರುತ್ತೇನೆ.

– ಓದುಗ, ದಾವಣಗೆರೆ