ಹಸಿರು ಗೌನು, ಮುದ್ದೆಗೆ ಚಮಚ

ಲೋ ಮಗ್ಗಿ,

ಪತ್ರ ಬರಿ ಅಂದವನು ನೀನು. ಊರಿಗೆಲ್ಲ ಕಾಣುವ ಹಾಗೆ ಹಾಕುತ್ತೇನೆ ಅಂತ ನಾನು ಹೇಳಿರಲಿಲ್ಲ, ಅಷ್ಟೇ. ಪಕ್ಕದಲ್ಲಿ ನಿಂತು ಓದುತ್ತಿರುವವರಿಗೂ ನಮಸ್ಕಾರ. ಛತ್ರಿ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನನ್ನ ಹಳೇ ಬಟ್ಟೆಬರೆ ಹುಚ್ಚು ಗೊತ್ತಲ್ಲ. ಈ ಸಲ ಸಿಕ್ಕಿದ್ದು ಒಂದು ಹಸಿರು. 1775ರಲ್ಲಿ ಸ್ವೀಡನ್ನಿನ ಶೀಲೆ ಎಂಬಾತ ತಾಮ್ರಕ್ಕೆ ಪಾಷಾಣ, ಅದೇ ಆರ್ಸೆನಿಕ್, ಬೆರೆಸಿ ಮಾಡಿದ ಬಣ್ಣ. ಆಮೇಲೆ ಅದೂ ಅದರ ತಮ್ಮಂದಿರೂ ಗೌನು, ಗೋಡೆ ಕಾಗದ, ಮುಡಿಯುವ ಬಟ್ಟೆ ಹೂವು ಎಲ್ಲದಕ್ಕೂ ಹತ್ತಿದವು. 1862ರಲ್ಲಿ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಲೆಕ್ಕ ಹಾಕಿದ: ಒಬ್ಬಳು ಮುಡಿದ ಎಲೆಗಳಲ್ಲಿ 20 ಜನಕ್ಕೆ ಸಾಕಾಗುವಷ್ಟು ವಿಷ! ಲಂಡನ್ನಿನ ಪಂಚ್ ಪತ್ರಿಕೆ, ಅಸ್ಥಿಪಂಜರವೊಂದು ಇನ್ನೊಂದನ್ನು ಡ್ಯಾನ್ಸಿಗೆ ಕರೆಯುವ ಚಿತ್ರ ಹಾಕಿತು. ಇಂಥದ್ದು ಸಿಕ್ಕರೆ ನನಗೆ ಹಬ್ಬ, ಅಲ್ವಾ.

ಆದರೆ ಎಲೆ ಮಾಡಿದವಳೂ ಸಿಕ್ಕಿದಳು. ಮಟಿಲ್ಡಾ ಶೂರರ್, ವಯಸ್ಸು 19. ಬಟ್ಟೆ ಎಲೆಗಳ ಮೇಲೆ ಹಸಿರು ಪುಡಿ ಉದುರಿಸುವುದು ಕೆಲಸ. 1861ರ ನವೆಂಬರಿನಲ್ಲಿ ಸತ್ತಳು. ವಾಂತಿ ಹಸಿರು, ಉಗುರು ಹಸಿರು, ಕಣ್ಣಿನ ಬಿಳಿಯೂ ಹಸಿರು. ನೋಡಿದ್ದೆಲ್ಲ ಹಸಿರಾಗಿ ಕಾಣುತ್ತದೆ ಅಂದಳಂತೆ.

ಆ ಉಗುರು ದಾಟಿ ಮುಂದೆ ಓದಲು ಆಗಲಿಲ್ಲ ಕಣೋ.

ಅಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುತ್ತಿದ್ದದ್ದು ನಿನಗೆ ಗೊತ್ತು. ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಒಂದೊಂದು ಗೂಡಿನಲ್ಲೂ ಕಿಲೋಮೀಟರ್ ಹತ್ತಿರದ ಒಂದೇ ಎಳೆ. ಅಂಟು ಬಿಡಬೇಕಾದರೆ ನೀರು ಬಿಸಿಯೇ ಇರಬೇಕು. ಅದರೊಳಗೆ ಬೆರಳಿಟ್ಟು ತುದಿ ಹುಡುಕಿ, ಏಳೆಂಟು ಗೂಡಿನ ಎಳೆ ಸೇರಿಸಿ ಚರಕಕ್ಕೆ ಕೊಡಬೇಕು. ಕಡಿದರೆ ಮತ್ತೆ ಕೈ ನೀರಿಗೆ. ಸಂಜೆ ಹೊತ್ತಿಗೆ ಅವಳ ಬೆರಳ ತುದಿ ಬೆಳ್ಳಗೆ ಸುಕ್ಕಾಗಿ, ಚರ್ಮ ಸುಲಿದಿರುತ್ತಿತ್ತು. ಬಿಸಿ ಮುದ್ದೆ ಮುರಿಯಲಾಗದೆ ಚಮಚ ಹಿಡಿಯುತ್ತಿದ್ದಳು. ಮುದ್ದೆಗೆ ಚಮಚ! 'ದೊರೆಸಾನಿ' ಅಂತ ಎಷ್ಟು ನಗುತ್ತಿದ್ದೆವು, ನೀನೂ ಸೇರಿ. ಅವಳೂ ನಗುತ್ತಿದ್ದಳು.

ಮೊನ್ನೆ ಫೋನಿನಲ್ಲಿ ಕೇಳೋಣ ಅಂತ ಹೊರಟೆ, ಆಗ ಕೈ ತುಂಬಾ ಉರಿಯುತ್ತಿತ್ತಾ ಅಂತ. ಬಾಯಿಗೆ ಬರಲಿಲ್ಲ. ಊಟ ಆಯ್ತಾ ಅಂದೆ. ಹೌದು ಕಣಪ್ಪ, ಉರಿಯುತ್ತಿತ್ತು ಅಂದುಬಿಟ್ಟರೆ ನಾನೇನು ಮಾಡಲಿ? ನನ್ನ ಕಾಲೇಜು ಫೀಸೆಲ್ಲ ಆ ಬೇಸಿನ್ನಿಂದ ಎದ್ದು ಬಂದದ್ದು. ಊರಿಗೆ ಹೋದಾಗಲೂ ಅವಳ ಮುಖ ನೋಡಿಯೇ ಮಾತಾಡುತ್ತೇನೆ. ಕೈ ಕಡೆ ಕಣ್ಣು ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಇದು ನಿನಗೂ ಹೇಳಿರಲಿಲ್ಲ, ಅಲ್ವಾ.

ಸರಿ ಬಿಡು. ಫ್ಯಾಷನ್ ಅಂತ ಕರೆದು ಕೂರಿಸಿ ಅಳಿಸಿ ಕಳಿಸಿದ ಅಂತ ಜನ ಬೈಯುವ ಮೊದಲು ಎದ್ದೇಳುತ್ತೇನೆ. ನಿನ್ನ ಮದುವೆಗೆ ರೇಷ್ಮೆ ಪಂಚೆಯೇ ಉಡಬೇಕು ಅಂತ ಹಟ ಹಿಡಿದಿದ್ದೀಯಲ್ಲ, ಉಡುತ್ತೇನೆ ಮಾರಾಯ. ಮೇಲೆ ಬೆಲ್ಟು ಬಿಗಿದೇ ಉಡುತ್ತೇನೆ. ಚಿಂತಾಮಣಿಯಲ್ಲಿ ಆದದ್ದು ಒಂದು ಜನ್ಮಕ್ಕೆ ಸಾಕು. ಹೆಣ್ಣಿನ ಕಡೆಯವರ ಹತ್ತಿರ ಪಾಷಾಣದ ಕಥೆ ಹೇಳುವುದಿಲ್ಲ, ಊಟ ಮುಗಿಯುವ ತನಕವಾದರೂ.

ಇಂತಿ,
ನಿನ್ನ ಅರ್ಧ ಟಿಕೆಟ್ಟು