3ಡಿ ಗುಂಡಿ ಒತ್ತುವ ಮುಂಚೆ

ಚಿ. ಪಲ್ಲವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಎಕೋ, ಅಂದರೆ ಶಬ್ದದ ಅಲೆಯಿಂದ ಹೃದಯದ ಚಿತ್ರ ತೆಗೆಯುವುದನ್ನು, ಕಲಿಯಲು ಸೇರಿದ್ದು ಸಂತೋಷ. 3ಡಿ ಗುಂಡಿ ಕಂಡರೆ ಕೈ ತುರಿಸುತ್ತದೆ, ಸ್ವಲ್ಪ ತಡೆ. 2ಡಿಯಲ್ಲಿ ಮಸುಕಾಗಿರುವುದು 3ಡಿಯಲ್ಲಿ ತಿಳಿಯಾಗುವುದಿಲ್ಲ ಕಣೆ, ಮಸುಕಿಗೇ ಮೈ ಬರುತ್ತದೆ ಅಷ್ಟೆ.

ಒಂದು ಲೆಕ್ಕ ಮಾತ್ರ ಬಾಯಿಪಾಠ ಮಾಡು. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್. 15 ಸೆಂ.ಮೀ. ಆಳ ಮುಟ್ಟಿ ಹಿಂತಿರುಗಲು ಸುಮಾರು 195 ಮೈಕ್ರೋಸೆಕೆಂಡ್. ಹೀಗೆ ಹೋಗಿ ಬರುವ ಒಂದೊಂದು ಅಲೆಗೆ ಚಿತ್ರದ ಒಂದು ಗೆರೆ, ಸೆಕೆಂಡಿಗೆ ಸುಮಾರು 5 ಸಾವಿರ ಗೆರೆ ಸಿಕ್ಕೀತು. ಒಂದು ವಾಲ್ಯೂಮಿಗೆ (ಒಂದು ಇಡೀ 3ಡಿ ಚಿತ್ರಕ್ಕೆ) 64 ಸಾಲು, ಸಾಲಿಗೆ 64 ಗೆರೆ ಎಂದರೆ 4096 ಅಲ್ಲೇ ಮುಗಿಯಿತು. ಸೆಕೆಂಡಿಗೆ ಒಂದು ಚಿತ್ರ ಬಡಿಯುವ ಹೃದಯಕ್ಕೆ ಯಾವ ಮೂಲೆಗೆ? ಅದಕ್ಕೇ ಒಂದು ಸಲ ಅಲೆ ಕಳಿಸಿ ಹಲವು ಗೆರೆಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುವ ಉಪಾಯ. ಡ್ಯೂಕ್ ವಿಶ್ವವಿದ್ಯಾಲಯದ ಸ್ಮಿತ್, ವಾನ್ ರಾಮ್ ತಂಡ 1991ರಲ್ಲಿ ಪ್ರಕಟಿಸಿದ ಯಂತ್ರವೂ ಇದನ್ನೇ ನೆಚ್ಚಿತ್ತು. ಆದರೂ ಶಬ್ದದ ವೇಗವನ್ನು ಯಾರೂ ಹೆಚ್ಚಿಸಲಾರರು. ಹಾಗಾಗಿ ಡೆಪ್ತ್ (ನೋಡುವ ಆಳ) ಬೇಕಾದಷ್ಟಕ್ಕೇ ನಿಲ್ಲಿಸು, ಸೆಕ್ಟರ್ (ನೋಡುವ ಅಗಲ) ಕಿರಿದು ಮಾಡು. ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ನೋಡುವಾಗ ಇಡೀ ಕುಹರ (ಕೆಳಗಿನ ಕೋಣೆ) ಹಿಡಿಯುವ ಆಸೆ ಬೇಡ.

ಅಗಲವೂ ಬೇಕು, ವೇಗವೂ ಬೇಕು ಎಂದಾಗ ಯಂತ್ರ 4 ಅಥವಾ 6 ಬಡಿತಗಳ ತುಂಡುಗಳನ್ನು ಇಸಿಜಿ ನೋಡಿಕೊಂಡು ಹೊಲಿಯುತ್ತದೆ. ರೋಗಿ ಉಸಿರೆಳೆದರೆ, ನಿನ್ನ ಕೈ ಅಲುಗಿದರೆ, ಬಡಿತ ತಪ್ಪಿದರೆ ಹೊಲಿಗೆ ಸರಿಯುತ್ತದೆ. ಕವಾಟದ ಎಲೆ ನೇರ ಗೆರೆಯಲ್ಲಿ ಮುರಿದಂತೆ ಕಂಡರೆ ಅದು ರೋಗವಲ್ಲ, ಹೊಲಿಗೆಯ ಗುರುತು. ಬಡಿತದ ಲಯವೇ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಲ್ಲಿ ಒಂದೇ ಬಡಿತದ ಚಿತ್ರ ತೆಗೆ. ವಿವರ ಕಡಿಮೆಯಾದರೂ ಹೊಲಿಗೆಯ ಸುಳ್ಳು ಹೇಳುವುದಿಲ್ಲ.

ಹೆಚ್ಚು ಮೋಸ ಮಾಡುವುದು ಗೇನ್, ಅಂದರೆ ಮರಳಿ ಬಂದ ಸದ್ದನ್ನು ಯಂತ್ರ ಎಷ್ಟು ಹಿಗ್ಗಿಸುತ್ತದೆ ಎಂಬುದು. ಕಡಿಮೆಯಾದರೆ ಹೃದಯದ ಮೇಲಿನ ಕೋಣೆಗಳಾದ ಏಟ್ರಿಯಮ್‌ಗಳ ನಡುವಿನ ತೆಳು ಗೋಡೆಯಲ್ಲಿ, ಫೋಸಾ ಒವಾಲಿಸ್ ಎಂಬ ತಗ್ಗಿನ ಜಾಗದಲ್ಲಿ, ಇಲ್ಲದಿದ್ದರೂ ಅಂಚು ನುಣುಪಾದ ತೂತೇ ಕಾಣುತ್ತದೆ. ಗೇನ್ ತುಸು ಏರಿಸು, ಕಿರಣ ಗೋಡೆಗೆ ನೇರವಾಗಿ ಬೀಳುವ ಹಾಗೆ ಪ್ರೋಬ್ (ಅಲೆ ಕಳಿಸುವ ಸಾಧನ) ಹೊರಳಿಸು, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕು. ತೂತಿನ ಮೂಲಕ ರಕ್ತ ಹರಿಯುವುದು ಕಾಣದಿದ್ದರೆ ವರದಿ ಬರೆಯಲು ಅವಸರಪಡಬೇಡ. ಗೇನ್ ಅತಿಯಾದರೆ ಮಂಜು ಮುಸುಕಿ ನಿಜವಾದ ತೂತೂ ಮುಚ್ಚಿಹೋಗುತ್ತದೆ. ಸ್ವಲ್ಪ ಹೆಚ್ಚೇ ಇಟ್ಟು ಹಿಡಿದುಕೊಂಡು ಆಮೇಲೆ ಇಳಿಸುವುದು ನನ್ನ ಮತ. ಹಿಡಿಯುವಾಗ ಬಿಟ್ಟುಹೋದದ್ದನ್ನು ಆಮೇಲೆ ತರಲಾಗದು.

ಅಳತೆಯನ್ನು ಬಣ್ಣ ಬಳಿದ ಆ ಚೆಂದದ ಚಿತ್ರದ ಮೇಲೆ ತೆಗೆಯಬೇಡ. 3ಡಿ ಚಿತ್ರವನ್ನು ಕತ್ತರಿಸಿ ತೋರಿಸುವ ಮೂರು ಛೇದಗಳನ್ನು ತೆರೆದು, ಎರಡನ್ನು ಕವಾಟದ ಬಾಯಿಯ ಅಕ್ಷಕ್ಕೆ ಕೂರಿಸಿ, ಮೂರನೆಯದನ್ನು ಬಾಯಿಯ ಅತಿ ಕಿರಿದಾದ ಮಟ್ಟಕ್ಕೆ ಇಳಿಸಿ, ಅಂಚಿನ ಸುತ್ತ ಗೆರೆ ಎಳೆದು ವಿಸ್ತೀರ್ಣ ಅಳೆ.

ಇಂತಿ,
ದೊಡ್ಡಮ್ಮ