‘ಜಾಕ್‌ಫ್ರೂಟ್’ ಮನೆಗೆಲಸದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ರಕ್ಷಕರೇ,

ಏಳನೇ ತರಗತಿಯ ಇಂಗ್ಲಿಷ್ ಮನೆಗೆಲಸ ನೋಡಿ ನಿಮ್ಮಲ್ಲಿ ಕೆಲವರು ಫೋನ್ ಮಾಡಿದ್ದೀರಿ. “ಇಂಗ್ಲಿಷ್ ಪಾಠಕ್ಕೆ ಹಲಸಿನ ಸುದ್ದಿ ಯಾಕೆ ಟೀಚರೇ? ಅದನ್ನು ಅಜ್ಜಿಯ ಹತ್ತಿರ ಕೇಳಿ ಬರೆಯುವುದೇನು?” ಎಲ್ಲರಿಗೂ ಒಟ್ಟಿಗೇ ಉತ್ತರಿಸುತ್ತೇನೆ.

‘ಜಾಕ್‌ಫ್ರೂಟ್’ನಲ್ಲಿರುವ ಜಾಕ್ ಯಾರು ಎಂದು ಮಕ್ಕಳು ಕೇಳಿದ್ದರು. ಯಾರೂ ಅಲ್ಲ, ಅದು ಮಲಯಾಳದ ‘ಚಕ್ಕ’. ಮಲಬಾರಿಗೆ ಬಂದ ಪೋರ್ಚುಗೀಸರ ಬಾಯಲ್ಲಿ ಚಕ್ಕ ‘ಜಾಕ’ ಆಯಿತು. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಹಣ್ಣಿನ ವಿಚಾರ ಇದೆ. ಇಂಗ್ಲಿಷರು ಕೊನೆಯ ಸ್ವರ ಬಿಟ್ಟು ‘ಜಾಕ್’ ಎಂದರು. ‘ಫ್ರೂಟ್’ ಎಂಬ ಬಾಲ ಆಮೇಲಿನದು.

ಕಾರಿನ ಚಕ್ರ ಬಿಚ್ಚುವಾಗ ಅಡಿಯಲ್ಲಿ ಇಡುವ ಜಾಕ್ ಬೇರೆಯೇ ಕುಟುಂಬದ್ದು. ಜಾಕ್ ಎಂದರೆ ಜಾನ್‌ನ ಮುದ್ದಿನ ಹೆಸರು. ಹಿಂದೆ ಇಂಗ್ಲೆಂಡಿನಲ್ಲಿ ಅದು ಎಷ್ಟು ಮಾಮೂಲಿ ಹೆಸರೆಂದರೆ, ಕೆಲಸದ ಆಳು ಯಾರಾದರೂ ಜಾಕ್ ಎಂದೇ ಕರೆಯುತ್ತಿದ್ದರು. ಬೂಟು ಕಳಚುವುದು, ಭಾರ ಎತ್ತುವುದು ಮುಂತಾದ ಆಳಿನ ಕೆಲಸ ಮಾಡುವ ಸಾಧನಗಳಿಗೂ ಅದೇ ಹೆಸರು ಬಿತ್ತು. ಇಸ್ಪೀಟಿನ ಗುಲಾಮ ಜಾಕ್ ಆದದ್ದೂ ಹೀಗೆಯೇ. (ಈ ಉದಾಹರಣೆ ತರಗತಿಯಲ್ಲಿ ಕೊಟ್ಟಿಲ್ಲ, ನಿಮಗೆ ಮಾತ್ರ.) ನಿಘಂಟಿನಲ್ಲಿ ಎರಡೂ ಒಂದೇ ಸ್ಪೆಲ್ಲಿಂಗ್, ಸಂಬಂಧ ಮಾತ್ರ ಇಲ್ಲ.

ಚಕ್ಕದ ಹಾಗೆ ಮಲಯಾಳದಿಂದ ಇಂಗ್ಲಿಷಿಗೆ ಹೋದ ಶಬ್ದಗಳು ಇನ್ನೂ ಇವೆ: ಅಡಕ್ಕದಿಂದ (ಅಡಿಕೆ) ಅರೆಕಾ, ಕೊಪ್ಪರದಿಂದ (ಕೊಬ್ಬರಿ) ಕೊಪ್ರಾ, ಕಯರಿನಿಂದ (ಹಗ್ಗ) ಕಾಯಿರ್, ವೆಟ್ಟಿಲದಿಂದ (ವೀಳ್ಯದೆಲೆ) ಬೀಟಲ್. ಕಾಸರಗೋಡಿನ ತೋಟದಲ್ಲಿ ಒಂದು ಸುತ್ತು ಬಂದರೆ ಇವೆಲ್ಲ ಸಿಗುತ್ತವೆ. ಆದ್ದರಿಂದ “ಮನೆಯಲ್ಲಿ ತುಳು, ಮಲಯಾಳ ಬೇಡ, ಇಂಗ್ಲಿಷ್ ಹಾಳಾಗುತ್ತದೆ” ಎಂದು ಮಕ್ಕಳನ್ನು ತಡೆಯಬೇಡಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮೂರು ಭಾಷೆ ಕಲಿತೇ ಒಂದನೇ ತರಗತಿಗೆ ಬರುತ್ತಾರೆ. ನಾಲ್ಕನೆಯದು ಅವರಿಗೆ ಭಾರವಲ್ಲ. ಭಯ ನಮಗೆ, ಅವರಿಗಲ್ಲ.

ಮನೆಗೆಲಸ ಇಷ್ಟೇ. ಹಲಸಿಗೆ ನಿಮ್ಮ ಮನೆಮಾತಿನಲ್ಲಿ ಏನೆನ್ನುತ್ತಾರೆ? ಹಲಸು, ಪೆಲಕ್ಕಾಯಿ, ಚಕ್ಕ, ಪಣಸು ಈಗಾಗಲೇ ಬಂದಿವೆ. ಗುಜ್ಜೆ (ಎಳೆ ಹಲಸು), ಸೊಳೆ (ತೊಳೆ), ಬೇಳೆ (ಬೀಜ), ಮಯಣ (ಅಂಟು) ಇವುಗಳಿಗೆ ಬೇರೆ ಹೆಸರಿದ್ದರೆ ಬರೆಸಿ. ಬಕ್ಕೆ (ಗಟ್ಟಿ ಸೊಳೆಯ ಹಲಸು), ತುಳುವೆ (ಮೆತ್ತನೆ ಸೊಳೆಯ ಹಲಸು) ಎಂಬ ಭೇದವನ್ನು ಇಂಗ್ಲಿಷಿನಲ್ಲಿ ಒಂದು ವಾಕ್ಯದಲ್ಲಿ ವಿವರಿಸಬೇಕು. ಕಷ್ಟ ಇರುವುದು ಅಲ್ಲಿ, ಮಕ್ಕಳೇ ಒದ್ದಾಡಲಿ, ನೀವು ಬರೆದುಕೊಡಬೇಡಿ. ಮೊಬೈಲ್ ನೋಡುವುದೂ ಬೇಡ. ಅಜ್ಜ, ಅಜ್ಜಿ ಇಲ್ಲದ ಮನೆಯವರು ನೆರೆಕರೆಯಲ್ಲಿ ಕೇಳಬಹುದು.

ಪುಸ್ತಕ ಶುಕ್ರವಾರ ತರಲಿ. ಹಣ್ಣು ಕಳುಹಿಸುವವರು ದಯವಿಟ್ಟು ಸೊಳೆ ಬಿಡಿಸಿ ಡಬ್ಬಿಯಲ್ಲಿ ಹಾಕಿ ಕಳುಹಿಸಿ. ಬೆಂಚಿಗೆ ಮಯಣ ಹಿಡಿದರೆ ತೆಗೆಯುವಷ್ಟು ತೆಂಗಿನೆಣ್ಣೆ ಶಾಲೆಯಲ್ಲಿಲ್ಲ.

ಇತಿ,
ಮುಖ್ಯೋಪಾಧ್ಯಾಯಿನಿ